ಕೆಸರಿನಲ್ಲಿ ಹಗುರವೇ ಬಲ: ಮಾರುತಿ ಜಿಪ್ಸಿ ಕೆಲಸ ಮಾಡುವ ಬಗೆ

ರಾಜಸ್ಥಾನದ ರಣಥಂಬೋರ್‌ನಲ್ಲಿ ಹುಲಿ ನೋಡಲು ಹೋದವರನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ಕ್ಯಾಂಟರ್ ಬೇಕೋ, ಜಿಪ್ಸಿ ಬೇಕೋ? ಕ್ಯಾಂಟರ್ ಎಂದರೆ ಇಪ್ಪತ್ತು ಜನ ಕೂರುವ ತೆರೆದ ಮಿನಿ ಲಾರಿ. ಜಿಪ್ಸಿ ಎಂದರೆ ಐದಾರು ಜನರ ಸಣ್ಣ ತೆರೆದ ಗಾಡಿ. ಒಂದು ಕಂಪನಿ ಇಟ್ಟ ಮಾದರಿಯ ಹೆಸರು ಹೀಗೆ ಕಾಡಿನ ಟಿಕೆಟಿನಲ್ಲಿ ವಾಹನದ ಜಾತಿಯ ಹೆಸರೇ ಆಗಿಬಿಟ್ಟಿದೆ. ನಮ್ಮ ಕಡೆ ಇದಕ್ಕೆ ತದ್ವಿರುದ್ಧವಾದದ್ದು ನಡೆದಿದೆ. ಸ್ವಾತಂತ್ರ್ಯ ದಿನದ ಮರುದಿನ ಪತ್ರಿಕೆ ತೆರೆದರೆ 'ತೆರೆದ ಜೀಪಿನಲ್ಲಿ ಪರೇಡ್ ಪರಿವೀಕ್ಷಿಸಿದರು' ಎಂದು ಬರೆದಿರುತ್ತದೆ. ಚಿತ್ರದಲ್ಲಿರುವ ಗಾಡಿಯ ಮೂತಿ ನೋಡಿದರೆ ಅದು ಎಷ್ಟೋ ಸಲ ಜೀಪಾಗಿರದೆ ಜಿಪ್ಸಿಯೇ ಆಗಿರುತ್ತದೆ.

1985ರ ಡಿಸೆಂಬರ್‌ನಲ್ಲಿ ಗುರುಗ್ರಾಮದ ಕಾರ್ಖಾನೆಯಿಂದ ಹೊರಬಂದ ಈ ಗಾಡಿ, ಮೇಲ್ನೋಟಕ್ಕೆ ಹೆಚ್ಚೇನೂ ಬದಲಾಗದೆ 33 ವರ್ಷ ಮಾರಾಟವಾಯಿತು. ಮೊದಲ ಜಿಪ್ಸಿಯ ಎಂಜಿನ್ 970 ಸಿಸಿಯದು, ಅದರ ಶಕ್ತಿ 45 ಅಶ್ವಶಕ್ತಿಯ ಆಸುಪಾಸು. ಇಂದಿನ ಅತಿ ಅಗ್ಗದ ಪುಟ್ಟ ಕಾರುಗಳಲ್ಲೂ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತದೆ. ಇಷ್ಟರಲ್ಲೇ ಅದು ಸೇನೆಯ ಜೊತೆ ಲಡಾಖ್ ಹತ್ತಿತು, ಕಾಡಿನ ಕೆಸರನ್ನು ದಾಟಿತು, ಹಿಮಾಲಯದ ರ್‍ಯಾಲಿಗಳಲ್ಲಿ ತನಗಿಂತ ದೊಡ್ಡ ಗಾಡಿಗಳನ್ನು ಹಿಂದೆ ಹಾಕಿತು. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಹೆಚ್ಚಿನವರು 'ಫೋರ್ ವೀಲ್ ಡ್ರೈವ್ ಇದೆಯಲ್ಲ' ಎಂದು ಉತ್ತರಿಸುತ್ತಾರೆ. ಆ ಉತ್ತರ ತಪ್ಪಲ್ಲ, ಆದರೆ ಅದು ಅರ್ಧ ಉತ್ತರ. ಉಳಿದರ್ಧ ತೂಕದಲ್ಲಿದೆ. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ಅರ್ಧ.

ತೂಕದ ಮಾತು ತಿಳಿಯಬೇಕಾದರೆ ಈ ಗಾಡಿ ಹುಟ್ಟಿದ ಮನೆಗೆ ಹೋಗಬೇಕು. 1960ರ ದಶಕದ ಜಪಾನಿನಲ್ಲಿ 'ಕೇ' ಎಂಬ ಪುಟ್ಟ ವಾಹನಗಳ ವರ್ಗವಿತ್ತು, ಈಗಲೂ ಇದೆ. ಎಂಜಿನ್ 360 ಸಿಸಿ ಮೀರಬಾರದು, ಉದ್ದ 3 ಮೀಟರ್ ದಾಟಬಾರದು. ಈ ಮಿತಿಯೊಳಗಿದ್ದರೆ ತೆರಿಗೆಯಲ್ಲಿ ರಿಯಾಯಿತಿ. ಹೋಪ್ ಎಂಬ ಸಣ್ಣ ಕಂಪನಿಯೊಂದು ಇದೇ ಚೌಕಟ್ಟಿನಲ್ಲಿ ಮಿತ್ಸುಬಿಷಿ ಎಂಜಿನ್ ಕೂರಿಸಿ ನಾಲ್ಕೂ ಚಕ್ರ ತಿರುಗುವ ಪುಟಾಣಿ ಜೀಪೊಂದನ್ನು ಮಾಡಿತು. ಗಾಡಿ ಚೆನ್ನಾಗಿತ್ತು, ಅದನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವ ಕಸುವು ಕಂಪನಿಗಿರಲಿಲ್ಲ. 1968ರಲ್ಲಿ ಸುಜುಕಿ ಅದರ ಹಕ್ಕುಗಳನ್ನು ಕೊಂಡುಕೊಂಡಿತು. ಕೊಳ್ಳಲೇಬೇಕೆಂದು ಕಂಪನಿಯೊಳಗೆ ಹಟ ಹಿಡಿದವರು ಒಸಾಮು ಸುಜುಕಿ. ಮುಂದೆ 1982ರಲ್ಲಿ ಮಾರುತಿ ಉದ್ಯೋಗದ ಜೊತೆ ಒಪ್ಪಂದ ಮಾಡಿಕೊಂಡು ಸುಜುಕಿಯನ್ನು ಭಾರತಕ್ಕೆ ಕರೆತಂದವರೂ ಅವರೇ.

1970ರ ಏಪ್ರಿಲ್‌ನಲ್ಲಿ ಸುಜುಕಿಯ ಹೆಸರಿನಲ್ಲಿ ಈ ಗಾಡಿ, ಎಲ್‌ಜೆ10, ಬಂತು. 359 ಸಿಸಿಯ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್, ಗಾಳಿಯಿಂದಲೇ ತಂಪಾಗುವಂಥದ್ದು. 25 ಅಶ್ವಶಕ್ತಿ. ತೂಕ 600 ಕಿಲೋ ಕೂಡ ಇಲ್ಲ. 3 ಮೀಟರಿನ ಮಿತಿ ಎಷ್ಟು ಬಿಗಿಯಾಗಿತ್ತೆಂದರೆ, ಸ್ಟೆಪ್ನಿಯನ್ನು ಹಿಂಬದಿಗೆ ನೇತುಹಾಕಿದರೆ ಉದ್ದ ಮೀರುತ್ತದೆಂದು ಅದನ್ನು ಒಳಗೆ ಸೀಟಿನ ಹಿಂದೆ ಇಟ್ಟರು. ಅದಕ್ಕಾಗಿ ಒಬ್ಬರು ಕೂರುವ ಜಾಗ ಹೋಯಿತು, ಗಾಡಿ ಮೂರು ಸೀಟಿನದಾಯಿತು. ಇಂಥ ಇಕ್ಕಟ್ಟಿನಲ್ಲಿ ಬೆಳೆದ ವಿನ್ಯಾಸಕ್ಕೆ ಅನಗತ್ಯವಾದ ಒಂದು ಕಿಲೋ ಕಬ್ಬಿಣವನ್ನೂ ಹೊರುವ ಅಭ್ಯಾಸವಾಗಲಿಲ್ಲ. ಅಮೆರಿಕದ ಯುದ್ಧಕಾಲದ ಜೀಪಿನ ವಂಶದ ಗಾಡಿಗಳು ಕಾಲಕ್ರಮದಲ್ಲಿ ದಪ್ಪಗಾದವು. ಇದು ಬೆಳೆದರೂ ತೆಳ್ಳಗೇ ಉಳಿಯಿತು.

ನಡುವಿನ ಹಂತಗಳನ್ನು ಬೇಗ ದಾಟೋಣ. 1970ರ ದಶಕದಲ್ಲಿ ನೀರಿನಿಂದ ತಂಪಾಗುವ ಎಂಜಿನ್ ಬಂತು, ಆಮೇಲೆ ಮೂರು ಸಿಲಿಂಡರು, ಅದಾದ ಮೇಲೆ ಎಲ್‌ಜೆ80ಯ 797 ಸಿಸಿಯ ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್. 1980ರ ದಶಕದ ಆರಂಭದಲ್ಲಿ ಚೌಕಾಕಾರದ ಮೈಯ ಎಸ್‌ಜೆ ಸರಣಿ. ಅದರಲ್ಲಿ ಹೊರದೇಶಗಳಿಗೆಂದು ಮಾಡಿದ್ದು ಎಸ್‌ಜೆ410. ಈ ಅಂಕಿಗಳಲ್ಲಿ ಒಗಟೇನೂ ಇಲ್ಲ: 4 ಸಿಲಿಂಡರು, 1.0 ಲೀಟರು. ಇದೇ ಗಾಡಿಯ ಉದ್ದನೆಯ ಆವೃತ್ತಿಗೆ ಭಾರತದಲ್ಲಿ ಮಾರುತಿ ಜಿಪ್ಸಿ, ಚುಟುಕಾಗಿ ಎಂಜಿ410 ಎಂದು ಹೆಸರಿಟ್ಟರು. ಗಿಡ್ಡ ಎಸ್‌ಜೆಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2030 ಮಿಲಿಮೀಟರ್ ಅಂತರವಿದ್ದರೆ ನಮ್ಮ ಜಿಪ್ಸಿಯಲ್ಲಿ 2375. ಉದ್ದ 4 ಮೀಟರಿಗಿಂತ ಒಂದು ಸೆಂಟಿಮೀಟರ್ ಹೆಚ್ಚು, ಅಗಲ 1540 ಮಿಲಿಮೀಟರ್, ನೆಲದಿಂದ ಎತ್ತರ 210 ಮಿಲಿಮೀಟರ್. ಮುಂದೆ ಇಬ್ಬರು, ಹಿಂದೆ ಎದುರುಬದುರು ಬೆಂಚುಗಳು. ಆ ಬೆಂಚಿನ ಮೇಲೆ ಕೂತು ಒಂದು ಗಂಟೆ ಮಣ್ಣು ರಸ್ತೆಯಲ್ಲಿ ಹೋದವರಿಗೆ ಬೆನ್ನುಮೂಳೆಯ ಒಂದೊಂದು ಗಂಟಿನ ಪರಿಚಯವೂ ಆಗಿರುತ್ತದೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಈಗ ಗಾಡಿಯ ಕೆಳಗೆ ಇಣುಕಿ ನೋಡೋಣ. ಜಿಪ್ಸಿಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಏಣಿಯನ್ನು ಮಲಗಿಸಿದಂತಿರುವ ಇದೇ ಚಾಸಿ. ಮುಂದುಗಡೆ ಎಂಜಿನ್ ಉದ್ದುದ್ದವಾಗಿ ಕೂತಿದೆ, ಅದರ ಬೆನ್ನಿಗೆ ಗೇರ್‌ಬಾಕ್ಸ್. ಇಲ್ಲಿಯವರೆಗೆ ಹಳೆಯ ಅಂಬಾಸಿಡರ್ ಕಾರಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಗೇರ್‌ಬಾಕ್ಸಿನಿಂದ ಒಂದು ಚಿಕ್ಕ ಪ್ರೊಪೆಲ್ಲರ್ ಶಾಫ್ಟ್ ಹೊರಟು ಇನ್ನೊಂದು ಪೆಟ್ಟಿಗೆಗೆ ಸೇರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸ್. ಅನೇಕ ಗಾಡಿಗಳಲ್ಲಿ ಇದು ಗೇರ್‌ಬಾಕ್ಸಿಗೇ ಅಂಟಿಕೊಂಡಿರುತ್ತದೆ. ಜಿಪ್ಸಿಯಲ್ಲಿ ಬೇರೆಯಾಗಿ, ರಬ್ಬರ್ ಬುಷ್‌ಗಳ ಮೇಲೆ ಚಾಸಿಗೆ ಕೂತಿರುತ್ತದೆ. ಆದ್ದರಿಂದ ಅದೊಂದನ್ನೇ ಬಿಚ್ಚಿ ಕೆಳಗಿಳಿಸಿ ರಿಪೇರಿ ಮಾಡಬಹುದು. ಟ್ರಾನ್ಸ್‌ಫರ್ ಕೇಸಿನಿಂದ ಎರಡು ಶಾಫ್ಟುಗಳು ಹೊರಡುತ್ತವೆ, ಒಂದು ಹಿಂದಿನ ಆಕ್ಸಲ್‌ಗೆ, ಅಂದರೆ ಚಕ್ರಗಳ ಅಚ್ಚಿಗೆ, ಮತ್ತೊಂದು ಮುಂದಿನ ಆಕ್ಸಲ್‌ಗೆ. ಒಟ್ಟು ಮೂರು ಶಾಫ್ಟು. ಹಳೆಯ ಜಿಪ್ಸಿಯಲ್ಲಿ ಗಡಗಡ ಸದ್ದು ಬಂದರೆ ಮೆಕ್ಯಾನಿಕ್ ಮೊದಲು ಕೈಯಿಡುವುದು ಈ ಶಾಫ್ಟುಗಳ ತುದಿಯ ಕ್ರಾಸ್‌ಗಳ, ಅಂದರೆ ಕೀಲುಗಳ, ಮೇಲೆ, ಆಮೇಲೆ ಆ ರಬ್ಬರ್ ಬುಷ್‌ಗಳ ಮೇಲೆ.

ಟ್ರಾನ್ಸ್‌ಫರ್ ಕೇಸ್ ಮಾಡುವ ಕೆಲಸಗಳು ಎರಡು. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದು: ಮುಂದಿನ ಚಕ್ರಗಳಿಗೂ ಎಳೆತ ಕೊಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು. ಚಾಲಕನ ಪಕ್ಕದ ಎರಡನೆಯ ಲಿವರಿನಲ್ಲಿ 2ಎಚ್ ಎಂದಿದ್ದರೆ ಹಿಂದಿನ ಚಕ್ರಗಳಿಗೆ ಮಾತ್ರ ಎಳೆತ, 4ಎಚ್ ಎಂದರೆ ನಾಲ್ಕಕ್ಕೂ. ಎರಡನೆಯ ಕೆಲಸ 4ಎಲ್ ಎಂಬಲ್ಲಿದೆ. ಬಹಳ ಜನ ಅದನ್ನು ಬಳಸುವುದೇ ಇಲ್ಲ, ಆದರೆ ಜಿಪ್ಸಿಯ ನಿಜವಾದ ಶಕ್ತಿ ಅಲ್ಲೇ ಇದೆ.

ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಒಂದು ಸ್ವಭಾವವಿದೆ: ಅದು ಜೋರಾಗಿ ತಿರುಗಿದಾಗ ಮಾತ್ರ ಕಸುವು ತೋರಿಸುತ್ತದೆ. ಕಲ್ಲಿನ ಏರಿನಲ್ಲಿ ಗಾಡಿ ಆಮೆಯ ವೇಗದಲ್ಲಿ ಹೋಗಬೇಕು. ಎಂಜಿನ್ ವೇಗವಾಗಿ ತಿರುಗಬೇಕು, ಚಕ್ರ ನಿಧಾನವಾಗಿ ಉರುಳಬೇಕು. ಇದನ್ನು ಹೊಂದಿಸುವುದೇ ಗೇರಿನ ಹಲ್ಲುಗಳ ಲೆಕ್ಕ. ದೊಡ್ಡ ಎಂಜಿನ್ನಿನ ಹೊಸ ಆವೃತ್ತಿಯಾದ ಜಿಪ್ಸಿ ಕಿಂಗ್ ಅನ್ನು, ಅದರಲ್ಲೂ 2000ದ ನಂತರದ್ದನ್ನು, ತೆಗೆದುಕೊಳ್ಳೋಣ. ಎಂಜಿನ್ನಿನ ಗರಿಷ್ಠ ತಿರುಚುಬಲ, ಅಂದರೆ ಟಾರ್ಕ್, 103 ನ್ಯೂಟನ್ ಮೀಟರ್. ಮೊದಲ ಗೇರು ಅದನ್ನು 3.652 ಪಟ್ಟು ಹೆಚ್ಚಿಸುತ್ತದೆ. ಟ್ರಾನ್ಸ್‌ಫರ್ ಕೇಸ್ ಸಾಮಾನ್ಯ ಸ್ಥಿತಿಯಲ್ಲಿ 1.409 ಪಟ್ಟು, 4ಎಲ್‌ನಲ್ಲಿ 2.268 ಪಟ್ಟು ಹೆಚ್ಚಿಸುತ್ತದೆ. ಗುಣಿಸಿ ನೋಡಿ: ಸಾಮಾನ್ಯ ಸ್ಥಿತಿಯಲ್ಲಿ ಸುಮಾರು 530, 4ಎಲ್‌ನಲ್ಲಿ ಸುಮಾರು 850 ನ್ಯೂಟನ್ ಮೀಟರ್. ಆಕ್ಸಲ್‌ನೊಳಗಿನ ಕ್ರೌನ್ ಗೇರು ಇದನ್ನು ಮತ್ತೆ ಹತ್ತಿರ ಹತ್ತಿರ ನಾಲ್ಕು ಪಟ್ಟು ಮಾಡುತ್ತದೆ. ಚಕ್ರದ ಅರ್ಧವ್ಯಾಸ ಮೂವತ್ತಮೂರು ಸೆಂಟಿಮೀಟರಿನಷ್ಟು. ಘರ್ಷಣೆಯಲ್ಲಿ ಹೋಗುವುದನ್ನು ಬದಿಗಿಟ್ಟರೆ ಕಾಗದದ ಮೇಲೆ ಸಿಗುವ ಎಳೆತ ಸುಮಾರು ಒಂದು ಟನ್ ಭಾರದಷ್ಟು. ಗಾಡಿಯ ತೂಕವೂ ಸುಮಾರು ಒಂದು ಟನ್ನೇ. ತನ್ನ ತೂಕವನ್ನು ತಾನೇ ಎತ್ತಬಲ್ಲಷ್ಟು ಎಳೆತ ಈ ಪುಟ್ಟ ಎಂಜಿನ್ನಿನಿಂದ ಹೊರಬರುತ್ತದೆ. ಕೊನೆಗೆ ಅದು ಸೋಲುವುದಿದ್ದರೆ ಟೈರು ಜಾರಿ ಸೋಲಬೇಕು; ಎಂಜಿನ್ ಸಾಲದೆ ಸೋಲುವುದು ಅಪರೂಪ.

ಹಳೆಯ 970 ಸಿಸಿ ಜಿಪ್ಸಿಯಲ್ಲಿ ಎಂಜಿನ್ ಇನ್ನೂ ಬಡಕಲು, ಆದ್ದರಿಂದ ಅದರ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳು ಇನ್ನೂ ನಿಧಾನ: ಸಾಮಾನ್ಯ ಸ್ಥಿತಿಯಲ್ಲಿ 1.580, 4ಎಲ್‌ನಲ್ಲಿ 2.511. ಕಲ್ಲುಬಂಡೆಗಳ ಮೇಲೆ ಓಡಿಸುವ ಹವ್ಯಾಸಿಗಳು ಹೊಸ ಕಿಂಗ್ ಗಾಡಿಗೆ ಹಳೆಯ 410ರ ಈ ಪೆಟ್ಟಿಗೆಯನ್ನು ಹುಡುಕಿ ತಂದು ಹಾಕಿಸುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳದಿದ್ದರೆ ಜಿಪ್ಸಿ ಕೊಂಡವರು ಗ್ಯಾರೇಜಿಗೆ ದುಡ್ಡು ಸುರಿಯಬೇಕಾಗುತ್ತದೆ. 4ಎಚ್ ಹಾಕಿಕೊಂಡು ಒಣ ಡಾಂಬರು ರಸ್ತೆಯಲ್ಲಿ ಓಡಿಸಬಾರದು. ಏಕೆ?

ಕಣದಲ್ಲಿ ಮೇಟಿಕಂಬದ ಸುತ್ತ ಹಂತಿ ಹೂಡಿದ್ದನ್ನು ನೆನೆಯಿರಿ. ಮೇಟಿಗೆ ಹತ್ತಿರವಿರುವ ಎತ್ತು ಸಣ್ಣ ಸುತ್ತು ಹಾಕುತ್ತದೆ, ಅಂಚಿನ ಎತ್ತು ದೊಡ್ಡ ಸುತ್ತು ಹಾಕಬೇಕು. ಅಂಚಿನದಕ್ಕೆ ನಡಿಗೆ ಹೆಚ್ಚು, ಆದ್ದರಿಂದಲೇ ಅನುಭವಿ ರೈತ ಅಲ್ಲಿಗೆ ಚುರುಕಾದ ಎತ್ತನ್ನೇ ಕಟ್ಟುತ್ತಾನೆ. ಗಾಡಿ ತಿರುವಿನಲ್ಲಿ ಹೋಗುವಾಗಲೂ ಹೀಗೆಯೇ. ಹೊರಗಿನ ಚಕ್ರ ಹೆಚ್ಚು ಉರುಳಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಚಕ್ರ ರಸ್ತೆಯನ್ನು ಉಜ್ಜಿಕೊಂಡು ಹೋಗುತ್ತದೆ. ಅದನ್ನು ತಪ್ಪಿಸಲು ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುತ್ತದೆ. ಎಂಜಿನ್ನಿನ ಎಳೆತವನ್ನು ಎರಡಕ್ಕೂ ಸಮನಾಗಿ ಹಂಚುತ್ತಲೇ ಅವು ಬೇರೆಬೇರೆ ವೇಗದಲ್ಲಿ ಉರುಳಲು ಅದು ಬಿಡುತ್ತದೆ. ಜಿಪ್ಸಿಯ ಮುಂದಿನ ಆಕ್ಸಲ್‌ನಲ್ಲಿ ಒಂದು, ಹಿಂದಿನದರಲ್ಲಿ ಒಂದು ಡಿಫರೆನ್ಷಿಯಲ್ ಇದೆ.

ತಿರುವಿನಲ್ಲಿ ಎಡ ಬಲ ಚಕ್ರಗಳ ದಾರಿಯಷ್ಟೇ ಅಲ್ಲ, ಮುಂದಿನ ಜೋಡಿ ಮತ್ತು ಹಿಂದಿನ ಜೋಡಿಯ ದಾರಿಯೂ ಬೇರೆಯಾಗುತ್ತದೆ. ಒದ್ದೆ ನೆಲದಲ್ಲಿ ಕಾರನ್ನು ಪೂರ್ತಿ ತಿರುಗಿಸಿ ಇಳಿದು ನೋಡಿದರೆ ನಾಲ್ಕು ಬೇರೆಬೇರೆ ಗುರುತುಗಳು ಕಾಣುತ್ತವೆ, ಮುಂದಿನ ಚಕ್ರಗಳದು ಹೊರಗೆ, ಹಿಂದಿನವು ಒಳಗೆ. ಆದ್ದರಿಂದ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆಯೂ ಮೂರನೆಯ ಡಿಫರೆನ್ಷಿಯಲ್ ಬೇಕು. ರಷ್ಯಾದ ಲಾಡಾ ನಿವಾದಂಥ ಗಾಡಿಗಳಲ್ಲಿ ಅದು ಇತ್ತು, ಅವು ಸದಾ ನಾಲ್ಕು ಚಕ್ರದಲ್ಲೇ ಓಡುತ್ತವೆ. ಜಿಪ್ಸಿಯಲ್ಲಿ ಅದಿಲ್ಲ. 4ಎಚ್ ಹಾಕಿದ ಕ್ಷಣ ಮುಂದಿನ ಶಾಫ್ಟು ಹಿಂದಿನ ಶಾಫ್ಟಿಗೆ ಹಲ್ಲಿಗೆ ಹಲ್ಲು ಬಿಗಿದುಕೊಳ್ಳುತ್ತದೆ. ಕೆಸರು, ಮರಳು, ಸಡಿಲ ಜಲ್ಲಿಯ ಮೇಲೆ ತೊಂದರೆಯಿಲ್ಲ, ವ್ಯತ್ಯಾಸದಷ್ಟು ಚಕ್ರ ಜಾರಿಕೊಳ್ಳುತ್ತದೆ. ಡಾಂಬರಿನ ಮೇಲೆ ಟೈರು ಜಾರದು. ಆ ವ್ಯತ್ಯಾಸವೆಲ್ಲ ಶಾಫ್ಟು, ಹಲ್ಲು, ಕ್ರಾಸ್‌ಗಳಲ್ಲಿ ಹುರಿಯಂತೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಸ್ಟೇರಿಂಗ್ ಕಲ್ಲಾಗುತ್ತದೆ, ಲಿವರು 2ಎಚ್‌ಗೆ ಮರಳಲು ಒಪ್ಪುವುದಿಲ್ಲ. ಸಕಲೇಶಪುರದ ಕಡೆಯ ತೋಟವೊಂದರಿಂದ ಮಳೆಯಲ್ಲಿ ಹೊರಟ ನಾವು ಹೆದ್ದಾರಿ ಸೇರಿದ ಮೇಲೂ ಲಿವರು ಬದಲಿಸುವುದನ್ನು ಮರೆತು ಒಮ್ಮೆ ಈ ಅವಸ್ಥೆಗೆ ಸಿಕ್ಕಿದ್ದೆವು. ಜೊತೆಗಿದ್ದ ಹಿರಿಯ ಚಾಲಕರು ಗಾಡಿಯನ್ನು ರಸ್ತೆ ಬದಿಯ ಮಣ್ಣಿಗಿಳಿಸಿ, ನೇರವಾಗಿ ಹತ್ತು ಮಾರು ಹಿಂದಕ್ಕೆ ಓಡಿಸಿದರು. ಲಿವರು ತಾನಾಗಿ ಸಡಿಲವಾಯಿತು. ಸುತ್ತಿಕೊಂಡ ಹುರಿ ಬಿಚ್ಚಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಹಳೆಯ ಜಿಪ್ಸಿಗಳ ಮುಂದಿನ ಚಕ್ರದ ನಡುವೆ ಕೈಯಿಂದ ತಿರುಗಿಸುವ ಗುಬುಟೊಂದು ಇರುವುದನ್ನು ನೀವು ನೋಡಿರಬಹುದು. ಅದು ಫ್ರೀ ವೀಲಿಂಗ್ ಹಬ್. ಅದನ್ನು ಬಿಡಿಸಿದರೆ ಚಕ್ರ ಮಾತ್ರ ತಿರುಗುತ್ತದೆ. ಅದರ ಹಿಂದಿನ ಶಾಫ್ಟು, ಡಿಫರೆನ್ಷಿಯಲ್ ಎಲ್ಲ ಸುಮ್ಮನೆ ನಿಲ್ಲುತ್ತವೆ. ಸ್ವಲ್ಪ ಪೆಟ್ರೋಲ್ ಉಳಿಯುತ್ತದೆ, ಸವೆತ ಕಡಿಮೆಯಾಗುತ್ತದೆ. ಬದಲಿಗೆ, ಕೆಸರಿಗೆ ಇಳಿಯುವ ಮೊದಲೇ ಕೆಳಗಿಳಿದು ಎರಡೂ ಕಡೆ ತಿರುಗಿಸಿ ಬಿಗಿಯಬೇಕು. ಮೊಣಕಾಲುದ್ದದ ಕೆಸರಿನಲ್ಲಿ ಸಿಕ್ಕಿಕೊಂಡ ಮೇಲೆ ನೆನಪಾದರೆ ಕೈ ಅಷ್ಟೂ ಕೆಸರಿಗಿಳಿಸಬೇಕಾಗುತ್ತದೆ.

ಜಿಪ್ಸಿಯ ಈ ವ್ಯವಸ್ಥೆಯಲ್ಲಿ ನಿಜವಾದ ಕೊರತೆಯೂ ಒಂದಿದೆ. ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ಎಳೆತ ಹಂಚುತ್ತದೆ ಎಂದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದಕ್ಕೆ ತಿರುಗಲು ಬಲವೇ ಬೇಡ. ಸಮನಾಗಿ ಹಂಚುವುದರಿಂದ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಸಿಗುವುದು ಅಷ್ಟೇ, ಅಂದರೆ ಏನೂ ಇಲ್ಲ. ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಕರ್ಣರೇಖೆಯಲ್ಲಿ ಗುಂಡಿಗಳ ಮೇಲೆ ತೂಗಿದರೆ, ನಾಲ್ಕು ಚಕ್ರದ ಗಾಡಿ ಎಂಬ ಹೆಸರಿದ್ದೂ ಜಿಪ್ಸಿ ನಿಂತಲ್ಲೇ ಎರಡು ಚಕ್ರ ತಿರುಗಿಸುತ್ತ ನಿಲ್ಲುತ್ತದೆ. ಕಂಪನಿ ಇದಕ್ಕೆ ಡಿಫರೆನ್ಷಿಯಲ್ ಲಾಕ್ ಕೊಡಲಿಲ್ಲ. ಪಳಗಿದ ಚಾಲಕರು ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕನ್ನು ಮೆಲ್ಲಗೆ ಮುಟ್ಟುತ್ತಾರೆ. ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಬ್ರೇಕಿನ ತಡೆ ಬಿದ್ದಾಗ ಅದಕ್ಕೂ ಬಲ ಬೇಕಾಗುತ್ತದೆ, ಅಷ್ಟೇ ಬಲ ನೆಲದ ಚಕ್ರಕ್ಕೂ ಹೋಗುತ್ತದೆ.

ಇನ್ನು ಬೆನ್ನುಮೂಳೆಯ ವಿಷಯ. ಜಿಪ್ಸಿಯ ಮುಂದೆಯೂ ಹಿಂದೆಯೂ ಇರುವುದು ಇಡಿಯ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್, ಅಂದರೆ ಲಾರಿಗಳಲ್ಲಿ ಕಾಣುವಂಥ ಉಕ್ಕಿನ ಪಟ್ಟಿಗಳ ಕಟ್ಟು. ಒಂದು ಪಟ್ಟಿ ಮುರಿದರೆ ಹಳ್ಳಿಯ ಕುಲುಮೆಯಲ್ಲೂ ತಾತ್ಕಾಲಿಕ ದುರಸ್ತಿ ಸಾಧ್ಯ. ಅರ್ಧ ಟನ್ ಸಾಮಾನು ಹೇರಿದರೂ ಗಾಡಿ ಬಾಗಬಾರದೆಂದು ಅವನ್ನು ಬಿಗಿಯಾಗಿ ಮಾಡಿದ್ದರು. ಹೀಗಾಗಿ ಸಾಮಾನಿಲ್ಲದೆ ಇಬ್ಬರೇ ಹೋಗುವಾಗ ಹಗುರವಾದ ಗಾಡಿ ಪ್ರತಿ ಕಲ್ಲಿಗೂ ಪುಟಿಯುತ್ತದೆ. ಹಗುರತನಕ್ಕೆ ತೆರಬೇಕಾದ ಬೆಲೆ ಇದು. ಜಪಾನಿನಲ್ಲಿ ಇದೇ ಗಾಡಿಗೆ 1995ರಲ್ಲೇ ಕಾಯಿಲ್ ಸ್ಪ್ರಿಂಗ್, ಅಂದರೆ ಸುರುಳಿಯಾಕಾರದ ಮೃದುವಾದ ಸ್ಪ್ರಿಂಗ್, ಬಂತು. ನಮಗೆ ಕೊನೆಯವರೆಗೂ ಬರಲಿಲ್ಲ. ದೊಡ್ಡ ಗಿರಾಕಿಯಾಗಿದ್ದ ಸೇನೆಗೆ ಮೃದುವಾದ ಸವಾರಿಗಿಂತ ಒಂದೇ ಬಗೆಯ ಬಿಡಿಭಾಗಗಳು ಎಲ್ಲ ಠಾಣೆಗಳಲ್ಲೂ ಸಿಗುವುದು ಮುಖ್ಯವಾಗಿತ್ತು ಎಂದು ನಾನು ಭಾವಿಸುತ್ತೇನೆ. ಆದರೂ ಆ ಒಂದು ಬದಲಾವಣೆ ಆಗಿದ್ದರೆ ಜಿಪ್ಸಿ ಎಷ್ಟೋ ಮನೆಗಳ ಅಂಗಳ ಸೇರುತ್ತಿತ್ತು ಎಂಬ ಬೇಸರ ನನಗೆ ಇಂದಿಗೂ ಇದೆ.

ತೂಕದ ಲೆಕ್ಕವನ್ನು ಈಗ ಪೂರ್ತಿ ಮಾಡೋಣ. ಬಟ್ಟೆಯ ಚಾವಣಿಯ ಜಿಪ್ಸಿ ಕಿಂಗ್ 985 ಕಿಲೋ, ಗಟ್ಟಿ ಚಾವಣಿಯದು 1020 ಕಿಲೋ. ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಂಥ ಕಡಿದಾದ ಏರನ್ನು ಊಹಿಸಿಕೊಳ್ಳಿ. ಅಲ್ಲಿ ಒಂದು ಟನ್ನಿನ ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ ಸುಮಾರು 315 ಕಿಲೋ ಭಾರದಷ್ಟು. ಎರಡು ಟನ್ನಿನ ಗಾಡಿಗೆ ಅದು 630. ಅದಕ್ಕೆ ಎರಡರಷ್ಟು ಎಂಜಿನ್ ಬೇಕು, ದೊಡ್ಡ ಎಂಜಿನ್ನಿಗೆ ದಪ್ಪ ಗೇರ್‌ಬಾಕ್ಸ್, ಅದನ್ನು ಹೊರಲು ದಪ್ಪ ಚಾಸಿ, ನಿಲ್ಲಿಸಲು ದೊಡ್ಡ ಬ್ರೇಕು. ತೂಕಕ್ಕೆ ತೂಕ ಸೇರುತ್ತ ಹೋಗುತ್ತದೆ. ಕೆಸರಿನಲ್ಲಂತೂ ಎಂಜಿನ್ ಎಷ್ಟೇ ದೊಡ್ಡದಿದ್ದರೂ ಭಾರದ ಗಾಡಿ ಮೊದಲು ಹೂತುಕೊಳ್ಳುತ್ತದೆ. ಹೂತ ಗಾಡಿಯನ್ನು ಎತ್ತಲು ಬೇಕಾದ ಕೈಗಳೂ ಹೆಚ್ಚು. ಮಲೆನಾಡಿನ ಅಂಟುಮಣ್ಣಿನಲ್ಲಿ ಜಿಪ್ಸಿಯ ಒಂದು ಮೂಲೆಯನ್ನು ನಾಲ್ಕೈದು ಜನ ಎತ್ತಿ ಪಕ್ಕಕ್ಕಿಡಬಹುದು. ಇದು ಯಾವ ತಾಂತ್ರಿಕ ಪಟ್ಟಿಯಲ್ಲೂ ಇರದ ಗುಣ, ಆದರೆ ಕಾಡಿನ ದಾರಿಯಲ್ಲಿ ಇದಕ್ಕೆ ಸಮನಾದದ್ದಿಲ್ಲ.

ಹಗುರವೂ ಎತ್ತರವೂ ಆಗಿದ್ದು ಅಗಲ ಕಡಿಮೆಯಾದರೆ ಅಪಾಯ. ಗಾಡಿ ಮಗುಚುವುದೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ಎರಡು ಅಳತೆಗಳು ತೀರ್ಮಾನಿಸುತ್ತವೆ: ಎಡ ಬಲ ಚಕ್ರಗಳ ನಡುವಿನ ಅಗಲ, ಮತ್ತು ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಇದೇ ವಂಶದ ಗಾಡಿ ಅಮೆರಿಕದಲ್ಲಿ ಸುಜುಕಿ ಸಮುರಾಯ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. 1988ರಲ್ಲಿ ಅಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ, ಹಠಾತ್ತನೆ ತಿರುಗಿಸಿದರೆ ಇದು ಸುಲಭವಾಗಿ ಮಗುಚುತ್ತದೆ ಎಂದು ಪರೀಕ್ಷೆ ನಡೆಸಿ ಬರೆಯಿತು. ಮಾರಾಟ ಕುಸಿಯಿತು. ಪರೀಕ್ಷೆಯೇ ಸರಿಯಿರಲಿಲ್ಲ ಎಂದು ಸುಜುಕಿ 1996ರಲ್ಲಿ ಮೊಕದ್ದಮೆ ಹೂಡಿತು, 2004ರಲ್ಲಿ ಎರಡೂ ಕಡೆಯವರು ರಾಜಿಯಾದರು. ಆ ಜಗಳದಲ್ಲಿ ಯಾರ ಮಾತು ಎಷ್ಟು ಸರಿ ಎಂಬುದು ಏನೇ ಇರಲಿ, ಅಗಲ ಹೆಚ್ಚಿದರೆ ಗಾಡಿ ಹೆಚ್ಚು ಭದ್ರ ಎಂಬ ಭೌತಶಾಸ್ತ್ರದಲ್ಲಿ ವಾದಕ್ಕೆಡೆಯಿಲ್ಲ. ಭಾರತದಲ್ಲಿ 1993ರಲ್ಲಿ ಜಿಪ್ಸಿಯ ಚಕ್ರಗಳ ನಡುವಿನ ಅಗಲವನ್ನು ಸುಮಾರು 9 ಸೆಂಟಿಮೀಟರ್ ಹೆಚ್ಚಿಸಿ 1300 ಮಿಲಿಮೀಟರಿಗೆ ತಂದರು. ಹೆಸರಿನ ಕೊನೆಗೆ ಡಬ್ಲ್ಯೂ ಸೇರಿತು. ಹಳೆಯ ಮೈಗೆ ಅಗಲವಾದ ಆಕ್ಸಲ್ ಹಾಕಿದ್ದರಿಂದ ಚಕ್ರಗಳು ಮೈಯಿಂದ ಹೊರಚಾಚಿದವು. ನಿಂತ ಗಾಡಿಗೆ ಕಾಲಗಲಿಸಿ ನಿಂತ ಪೈಲ್ವಾನನ ಗತ್ತು ಬಂದದ್ದು ಆಗಲೇ.

1996ರಲ್ಲಿ ಜಿಪ್ಸಿ ಕಿಂಗ್ ಬಂತು. ಎಸ್ಟೀಮ್ ಕಾರಿನ ಬಳಗದ 1298 ಸಿಸಿಯ ಅಲ್ಯುಮಿನಿಯಂ ಎಂಜಿನ್, 60 ಅಶ್ವಶಕ್ತಿ, ನಾಲ್ಕರ ಬದಲು ಐದು ಗೇರು. 2000ದಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಎಂಪಿಎಫ್‌ಐ ಇರುವ 16 ವಾಲ್ವಿನ ಎಂಜಿನ್ ಬಂತು, ಶಕ್ತಿ 80 ಅಶ್ವಶಕ್ತಿಗೆ ಏರಿತು. ಈ ಕೊನೆಯ ಬದಲಾವಣೆಯ ಬೆಲೆ ಎತ್ತರದ ಜಾಗಗಳಲ್ಲಿ ತಿಳಿಯುತ್ತದೆ. ಲಡಾಖಿನ ಕಣಿವೆದಾರಿಗಳಲ್ಲಿ ಗಾಳಿ ತೆಳುವಾಗಿರುತ್ತದೆ. ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ, ಕೆಳಗಿನ ಬಯಲಿನಲ್ಲಿ ಕೊಟ್ಟಷ್ಟೇ ಪೆಟ್ರೋಲ್ ಕೊಡುತ್ತದೆ. ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು, ಎಂಜಿನ್ ಉಸಿರುಗಟ್ಟಿ ಕಪ್ಪು ಹೊಗೆ ಬಿಡುತ್ತದೆ. ಎಂಪಿಎಫ್‌ಐ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಚಿಮ್ಮಿಸುತ್ತದೆ. 1999ರಲ್ಲಿ ಶುರುವಾದ ರೇಡ್ ಡಿ ಹಿಮಾಲಯ ರ್‍ಯಾಲಿಯಲ್ಲಿ ಜಿಪ್ಸಿಗಳದ್ದೇ ದೊಡ್ಡ ಪಾಲು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ್‍ಯಾಲಿಗಳಲ್ಲೂ ಅವು ಧೂಳೆಬ್ಬಿಸಿದ್ದನ್ನು ಆ ಕಡೆಯವರು ಮರೆತಿಲ್ಲ.

ಸೇನೆಗೆ ಜಿಪ್ಸಿ ಹೋಗತೊಡಗಿದ್ದು 1990ರ ದಶಕದಲ್ಲಿ. ಒಟ್ಟು ಮೂವತ್ತು ಸಾವಿರಕ್ಕೂ ಹೆಚ್ಚು ಗಾಡಿಗಳು ಅಲ್ಲಿ ದುಡಿದಿವೆ. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಬಹುದು, ಬಟ್ಟೆಯ ಚಾವಣಿ ಕಳಚಬಹುದು. ಗಸ್ತಿಗೆ ಇದಕ್ಕಿಂತ ಬೇರೆ ಬೇಕಿರಲಿಲ್ಲ. ಗಡಿಯಾಚೆ ಪಾಕಿಸ್ತಾನದಲ್ಲೂ ಇದೇ ಎಸ್‌ಜೆ410, ಸುಜುಕಿ ಪೊಟೊಹಾರ್ ಎಂಬ ಹೆಸರಿನಲ್ಲಿ ತಯಾರಾಗಿ ಓಡಾಡುತ್ತಿತ್ತು ಎಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ. ಕಾಲಕ್ರಮದಲ್ಲಿ ಸೇನೆಯ ಬೇಡಿಕೆ ಬದಲಾಯಿತು. 500 ಕಿಲೋ ಹೊರುವ ಗಾಡಿಯ ಜಾಗದಲ್ಲಿ 800 ಕಿಲೋ ಹೊರುವ, ಗಟ್ಟಿ ಚಾವಣಿ ಮತ್ತು ಎಸಿ ಇರುವ ಗಾಡಿ ಬೇಕೆಂದಾಯಿತು. 2017ರಲ್ಲಿ 3,192 ಟಾಟಾ ಸಫಾರಿ ಸ್ಟಾರ್ಮ್ ಗಾಡಿಗಳಿಗೆ ಒಪ್ಪಂದವಾಯಿತು. ಅದರ ತೂಕ ಜಿಪ್ಸಿಯ ಸುಮಾರು ಎರಡರಷ್ಟು.

ಪೇಟೆಯಲ್ಲಂತೂ ಜಿಪ್ಸಿ ಯಾವಾಗಲೂ ಕೆಲವರ ಗಾಡಿಯೇ ಆಗಿತ್ತು. ಪೆಟ್ರೋಲ್ ಕುಡಿಯುತ್ತಿತ್ತು, ಡೀಸೆಲ್ ಎಂಜಿನ್ ಬರಲೇ ಇಲ್ಲ, ಪಕ್ಕದಲ್ಲಿ ಎರಡೇ ಬಾಗಿಲುಗಳು. ಕೊನೆಗೆ ಕಾನೂನು ಬಂತು: 2019ರ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ), ಜುಲೈನಿಂದ ಚಾಲಕನಿಗೆ ಏರ್‌ಬ್ಯಾಗ್, ಅಕ್ಟೋಬರಿನಿಂದ ಅಪಘಾತ ಪರೀಕ್ಷೆ, 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ಮಿತಿಯಾದ ಬಿಎಸ್6. 1980ರ ದಶಕದ ತೆಳು ತಗಡಿನ ಮೈಗೆ ಇವೆಲ್ಲವನ್ನೂ ಸೇರಿಸುವುದೆಂದರೆ ಹೊಸ ಗಾಡಿಯನ್ನೇ ಮಾಡಿದಂತೆ. ಈ ಕಾನೂನುಗಳನ್ನು ನಾನು ದೂರುವುದಿಲ್ಲ. ಡಿಕ್ಕಿಯಾದಾಗ ಜಿಪ್ಸಿಯೊಳಗಿದ್ದವರನ್ನು ಕಾಯಲು ಬಹಳವೇನೂ ಇರಲಿಲ್ಲ ಎಂಬುದು ನಿಜ. 2019ರ ಆರಂಭದಲ್ಲಿ ಸಾಮಾನ್ಯ ಗಿರಾಕಿಗಳಿಗೆ ಮಾರಾಟ ನಿಂತಿತು. ಸೇನೆಗೆ ಮಾತ್ರ ವಿಶೇಷ ವಿನಾಯಿತಿಯ ಮೇಲೆ ಆಮೇಲೂ ಸ್ವಲ್ಪ ಕಾಲ ತಯಾರಾಯಿತು. ಈಗ ಸಿಗುವವು ಹಳೆಯವು, ಸೇನೆಯ ಹರಾಜಿನಲ್ಲಿ ಬಂದವು. ಕೊಳ್ಳುವವರು ಮೈಯ ಹೊಳಪು ನೋಡದೆ ಅಡಿಯಲ್ಲಿ ಮಲಗಿ ಚಾಸಿಯ ತುಕ್ಕು, ಮುಂದಿನ ಚಕ್ರಗಳ ಅಲುಗಾಟ, ಟ್ರಾನ್ಸ್‌ಫರ್ ಕೇಸಿನ ಕೊರಗು ಸದ್ದು, ಈ ಮೂರನ್ನು ನೋಡಬೇಕು. ಎಂಜಿನ್ನಿನ ಬಗ್ಗೆ ಹೆಚ್ಚು ಚಿಂತೆ ಬೇಡ. 1.3 ಲೀಟರಿನ ಅದೇ ಬಳಗದ ಎಂಜಿನ್ 2005ರ ಸ್ವಿಫ್ಟ್ ಕಾರಿನಲ್ಲೂ ಇತ್ತು, ಕೆಲಸ ಗೊತ್ತಿರುವ ಕೈಗಳು ಎಲ್ಲ ಊರಲ್ಲೂ ಇವೆ.

2023ರ ಜೂನ್‌ನಲ್ಲಿ ಇದೇ ವಂಶದ ಹೊಸ ಗಾಡಿ, ಐದು ಬಾಗಿಲಿನ ಜಿಮ್ನಿ, ಭಾರತದಲ್ಲಿ ಮಾರಾಟಕ್ಕೆ ಬಂತು. ಕಾಯಿಲ್ ಸ್ಪ್ರಿಂಗ್ ಇದೆ, ಏರ್‌ಬ್ಯಾಗುಗಳಿವೆ, ತೂಕ 1200 ಕಿಲೋ ಆಸುಪಾಸಿನಲ್ಲೇ ನಿಂತಿದೆ. ಅಡಿಯಲ್ಲಿ ಇಣುಕಿದರೆ ಅದೇ ಏಣಿಯಂಥ ಚಾಸಿ, ಅದೇ ಇಡಿಯ ಆಕ್ಸಲ್‌ಗಳು. ಚಾಲಕನ ಪಕ್ಕದಲ್ಲಿ ಅದೇ ಎರಡನೆಯ ಲಿವರು, 2ಎಚ್, 4ಎಚ್, 4ಎಲ್. ಡಾಂಬರಿನ ಮೇಲೆ 4ಎಚ್ ಹಾಕಬಾರದೆಂಬ ನಿಯಮ ಇದಕ್ಕೂ ಅನ್ವಯಿಸುತ್ತದೆ. ಚಕ್ರ ಗಾಳಿಯಲ್ಲಿ ತಿರುಗುವ ಹಳೆಯ ಕೊರತೆಗೆ ಮಾತ್ರ ಪರಿಹಾರ ಸಿಕ್ಕಿದೆ. ಹಿರಿಯ ಚಾಲಕರು ಕಾಲಿನಿಂದ ಮೆಲ್ಲಗೆ ಒತ್ತುತ್ತಿದ್ದ ಬ್ರೇಕನ್ನು ಈಗ ಕಂಪ್ಯೂಟರು ತಾನೇ ಆ ಒಂದು ಚಕ್ರಕ್ಕಷ್ಟೇ ಒತ್ತುತ್ತದೆ. ಈ ಗಾಡಿ ತಯಾರಾಗುವುದೂ ಗುರುಗ್ರಾಮದಲ್ಲೇ. 2025ರಿಂದ ಅದು 'ನೋಮೇಡ್' ಎಂಬ ಹೆಸರಿನಲ್ಲಿ ಹಡಗೇರಿ ಜಪಾನಿಗೆ ಹೋಗುತ್ತಿದೆ. ಅಲ್ಲಿ ಬುಕಿಂಗ್ ತೆರೆದ ಕೆಲವೇ ದಿನಗಳಲ್ಲಿ ಸುಮಾರು 50,000 ಬೇಡಿಕೆಗಳು ಬಂದು, ಸುಜುಕಿ ಪಟ್ಟಿಯನ್ನೇ ಕೆಲಕಾಲ ಮುಚ್ಚಬೇಕಾಯಿತು.